ಬಾಗಿಲ ಮೇಲಿನ ‘ನಾಳೆ ಬಾ’

ಹಿಂದೊಮ್ಮೆ ನಮ್ಮ ನಾಡಿನ ಅನೇಕ ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತದೆ, ಬರಹ ಓದಿ ಹಿಂದಿರುಗುತ್ತದೆ, ಮರುದಿನ ಬಂದರೂ ಅದನ್ನೇ ಓದಿ ಹೋಗುತ್ತದೆ ಎಂಬ ನಂಬಿಕೆ. ಕ್ರೈಸ್ತರಾದ ನಾವು ಅದನ್ನು ನೋಡಿ ನಕ್ಕಿದ್ದೇವೆ. ಆದರೆ ದೆವ್ವಕ್ಕಲ್ಲ, ಬಡ ಮನುಷ್ಯನಿಗೆ ಇದೇ ಮಾತು ಹೇಳಿ ಕಳಿಸುವ ಬಾಗಿಲುಗಳು ಎಷ್ಟಿವೆ ಎಂದು ಎಣಿಸಿ ನೋಡಿದರೆ ನಗು ಬರುವುದಿಲ್ಲ.

ಹಿಂಗಾರಿ ರಾಶಿ ಮುಗಿಯುತ್ತಲೇ ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಬಸ್ ನಿಲ್ದಾಣಗಳಲ್ಲಿ ಗಂಟುಮೂಟೆಗಳು ಕಾಣಿಸಿಕೊಳ್ಳುತ್ತವೆ. ಮಳೆ ಕೈಕೊಟ್ಟ ವರ್ಷವಂತೂ ರಾಶಿಯವರೆಗೆ ಕಾಯುವುದಕ್ಕೂ ಏನೂ ಇರುವುದಿಲ್ಲ. ಕಪ್ಪತಗುಡ್ಡದ ಸುತ್ತಲಿನ ತಾಂಡಾಗಳಿಂದ, ಮಳೆಯನ್ನೇ ನಂಬಿದ ಹೊಲಗಳ ಊರುಗಳಿಂದ ಗಂಡ, ಹೆಂಡತಿ, ಕಂಕುಳ ಕೂಸು ಗೋವಾಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೊರಡುತ್ತಾರೆ. ಹಿಂದೆ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಒಂದಿಬ್ಬರು ಮಕ್ಕಳು. ಗದಗ ನಿಲ್ದಾಣದ ಮೂಲಕ ವಾಸ್ಕೊ ಕಡೆಗೆ ಹೋಗುವ ರೈಲಿನಲ್ಲಿ ಒಮ್ಮೆ ಪ್ರಯಾಣ ಮಾಡಿದರೆ ‘ಗುಳೆ’ ಎಂಬ ಎರಡಕ್ಷರದ ಅರ್ಥ ತಿಳಿಯುತ್ತದೆ.

ವಲಸೆ ಎಂದ ಕೂಡಲೇ ನಮಗೆ ಅಮೆರಿಕದ ನೆನಪಾಗುತ್ತದೆ. ದಾಖಲೆಯಿಲ್ಲದೆ ದುಡಿಯುವ ಲಕ್ಷಾಂತರ ಜನರನ್ನು ಸಕ್ರಮಗೊಳಿಸುವ ದೊಡ್ಡ ಕಾಯಿದೆ ಅಲ್ಲಿ ಆದದ್ದು 1986ರಲ್ಲಿ. 2013ರಲ್ಲಿ ಅಂಥದೇ ಇನ್ನೊಂದು ಮಸೂದೆಯನ್ನು ಸೆನೆಟ್ ಒಪ್ಪಿತು. ಕೆಳಮನೆ ಅದನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಪ್ರತಿ ಚುನಾವಣೆಯಲ್ಲಿ ಮಾತು, ಚುನಾವಣೆ ಮುಗಿದ ಮೇಲೆ ಮೌನ. ನಮ್ಮ ಗುಳೆಯವರಿಗೆ ವೀಸಾ ಬೇಕಿಲ್ಲ. ದೇಶದೊಳಗೆ ಎಲ್ಲಿ ಬೇಕಾದರೂ ಹೋಗುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೂ ಅವರ ಅನುಭವ ಬಹಳ ಬೇರೆಯೇನಲ್ಲ.

ಭರವಸೆಗಳ ಪಟ್ಟಿಯನ್ನೇ ನೋಡೋಣ. 1979ರಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ ಬಂತು. ಐದು ಮಂದಿಯನ್ನು ಹೊರರಾಜ್ಯಕ್ಕೆ ಕರೆದೊಯ್ಯುವ ಗುತ್ತಿಗೆದಾರನೂ ಪರವಾನಗಿ ಪಡೆಯಬೇಕು, ಪ್ರತಿಯೊಬ್ಬನಿಗೂ ಪಾಸ್ ಪುಸ್ತಕ ಕೊಡಬೇಕು, ಪ್ರಯಾಣ ಭತ್ಯೆ, ವಸತಿ ಒದಗಿಸಬೇಕು ಎಂದಿತ್ತು. ನಮ್ಮ ಕಡೆ ಆ ಪಾಸ್ ಪುಸ್ತಕವನ್ನು ಕಂಡವರನ್ನು ನಾನಂತೂ ಭೇಟಿಯಾಗಿಲ್ಲ. 1996ರಲ್ಲಿ ಕಟ್ಟಡ ಕಾರ್ಮಿಕರ ಕಾಯಿದೆ ಬಂತು. 2005ರ ಉದ್ಯೋಗ ಖಾತರಿ ಕಾಯಿದೆ ಊರಲ್ಲೇ 100 ದಿನ ಕೆಲಸ ಎಂದಿತು. 2025ರ ಡಿಸೆಂಬರ್‌ನಲ್ಲಿ ಅದರ ಬದಲಿಗೆ ಬಂದ ಕಾಯಿದೆ 125 ದಿನ ಎನ್ನುತ್ತದೆ. ಸಂಖ್ಯೆ ದೊಡ್ಡದಾಯಿತು. ಆದರೆ ಹದಿನೈದು ದಿನಕ್ಕೆ ಬರಬೇಕಾದ ಕೂಲಿ ತಿಂಗಳುಗಟ್ಟಲೆ ಬಾರದಿದ್ದಾಗ ಹಸಿದ ಹೊಟ್ಟೆ ಕಾಯಿದೆಯನ್ನು ಓದುವುದಿಲ್ಲ, ಗೋವಾದ ಬಸ್ ಹತ್ತುತ್ತದೆ. ಹಮ್ಮಿಗಿಯಲ್ಲಿ ತುಂಗಭದ್ರೆಗೆ ಬ್ಯಾರೇಜು ಕಟ್ಟಿ ಸಿಂಗಟಾಲೂರು ಏತ ನೀರಾವರಿ ಆಯಿತು. ನೀರು ಬರುತ್ತದೆಂದು ಹೇಳಿದ ಹೊಲಗಳಿಗೆಲ್ಲ ನೀರು ಬಂದಿಲ್ಲ.

1979ರ ಕಾಯಿದೆ ಈಗ ಪ್ರತ್ಯೇಕವಾಗಿ ಉಳಿದಿಲ್ಲ. 2020ರಲ್ಲಿ ಸಂಸತ್ತು ಒಪ್ಪಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಯಲ್ಲಿ ಅದು ಸೇರಿಹೋಗಿದೆ. ಗುತ್ತಿಗೆದಾರನಿಲ್ಲದೆ ತಾನಾಗಿಯೇ ಹೊರಟವನನ್ನೂ ಹೊಸ ಸಂಹಿತೆ ವಲಸೆ ಕಾರ್ಮಿಕನೆಂದು ಒಪ್ಪುತ್ತದೆ. ಇದು ಒಳ್ಳೆಯದೇ. ಆದರೆ ಐದು ಮಂದಿ ಎಂದಿದ್ದದ್ದು ಹತ್ತಾಗಿದೆ. ಗಂಡ ಹೆಂಡತಿ ಸೇರಿ ನಾಲ್ಕಾರು ಜನರ ತಂಡವಾಗಿ ಚಿಕ್ಕಪುಟ್ಟ ಮನೆಕೆಲಸ ಹಿಡಿಯುವ ನಮ್ಮವರಿಗೆ ಅದು ಎಷ್ಟರಮಟ್ಟಿಗೆ ಆಸರೆಯಾದೀತು?

ಏಕೆ ಹೀಗೆ? ಕಾರಣ ಸರಳ. ಗುಳೆ ಹೋದವನು ಎಲ್ಲಿದ್ದಾನೋ ಅಲ್ಲಿ ಅವನಿಗೆ ಮತವಿಲ್ಲ. ಎಲ್ಲಿ ಮತವಿದೆಯೋ ಅಲ್ಲಿ ಅವನಿಲ್ಲ. ವಾಸ್ಕೊದ ಬೈನಾ ಕಡಲತೀರದಲ್ಲಿ 2004ರ ಜೂನ್‌ನಲ್ಲಿ, ಮಳೆಗಾಲ ಹಿಡಿಯುವ ಹೊತ್ತಿಗೆ, ಗುಡಿಸಲುಗಳನ್ನು ಕೆಡವಿದರು. 2017ರ ಸೆಪ್ಟೆಂಬರ್‌ನಲ್ಲಿ ಮತ್ತೆ ಅಲ್ಲೇ ಮನೆಗಳು ಉರುಳಿದವು. ನ್ಯಾಯಾಲಯದ ಆದೇಶವಿತ್ತೆಂಬುದೂ ನಿಜ. ಬೀದಿಗೆ ಬಿದ್ದವರಲ್ಲಿ ಬಹುಮಂದಿ ಉತ್ತರ ಕರ್ನಾಟಕದವರು ಎಂಬುದೂ ನಿಜ. ಹೇಳಿಕೆಗಳು ಬಂದವು, ಹೋದವು. ಊರ ಹೊರಗಿದ್ದವನೂ ಮತ ಹಾಕಬಹುದಾದ ದೂರ ಮತಯಂತ್ರವನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಪಕ್ಷಗಳು ಸಂಶಯ ಎತ್ತಿದವು. ವಿಷಯ ಮುಂದೆ ಹೋಗಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಹೆದ್ದಾರಿಗಳಲ್ಲಿ ನಡೆದ ಜನರನ್ನು ಇಡೀ ದೇಶ ಕಂಡಿತು, ಕಣ್ಣೀರಿಟ್ಟಿತು, ಮರೆತೂಬಿಟ್ಟಿತು.

ಇಷ್ಟೆಲ್ಲ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ನಿಮಗೂ ಬಂದಿರಬಹುದು. ಆದರೆ ಈ ಸಿಟ್ಟಿನ ನಡುವೆ ಒಂದು ನೆನಪು ಬಂದು ನನ್ನ ಕೈ ಹಿಡಿಯುತ್ತದೆ. ಅದನ್ನು ಹೇಳದೆ ಮುಂದೆ ಹೋದರೆ ಈ ಬರಹ ಪ್ರಾಮಾಣಿಕವಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ಬೆಟಗೇರಿಯಲ್ಲಿ ನಮ್ಮ ಮನೆಯ ಮೇಲೆ ಎರಡು ಕೋಣೆ ಕಟ್ಟಿಸಿದೆವು. ಮುಂಡರಗಿ ಕಡೆಯ ತಾಂಡಾದ ಗಂಡ ಹೆಂಡತಿ ನಾಲ್ಕು ತಿಂಗಳು ದುಡಿದರು. ಕಟ್ಟಡ ಕಾರ್ಮಿಕರ ಕಾಯಿದೆಯ ಸವಲತ್ತು ಸಿಗಬೇಕಾದರೆ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕಿತ್ತು. ಆ ಹೆಣ್ಣುಮಗಳು ಒಂದು ಸಂಜೆ ಮಡಿಚಿದ ಹಾಳೆ ಹಿಡಿದು ಬಂದಳು.

“ಅಣ್ಣಾರ, ಇದಕ್ಕ ಒಂದ ಸಹಿ ಹಾಕಿಕೊಡ್ರಿ. ಹುಡುಗರ ಸಾಲಿಗೆ ರೊಕ್ಕ ಬರತೈತಂತ.”

ನಾನು ಎಲ್ಲಿಗೋ ಹೊರಟಿದ್ದೆ. “ನಾಳೆ ಬಾ ತಂಗಿ, ಮಾಡಿಕೊಡೋಣಂತ” ಎಂದೆ.

ಅವಳು ಮರುದಿನವೂ ಬಂದಳು. ನಾನು ಮನೆಯಲ್ಲಿರಲಿಲ್ಲ. ಮತ್ತೊಂದು ದಿನ ಕನ್ನಡಕ ಸಿಗಲಿಲ್ಲ. ಅಷ್ಟರಲ್ಲಿ ಕೆಲಸ ಮುಗಿಯಿತು, ಅವರು ಗೋವಾಕ್ಕೆ ಹೋದರು. ಆ ಹಾಳೆ ನನ್ನ ಮೇಜಿನ ಮೇಲೆ ಬಿಲ್ಲುಗಳ ಕೆಳಗೆ ಉಳಿಯಿತು. ಅವರು ಊರಿಗೆ ಮರಳಿದಾಗ ಸಹಿ ಹಾಕಿ ಕೊಟ್ಟೆ. ಅಷ್ಟರಲ್ಲಿ ಆ ವರ್ಷದ ಅರ್ಜಿಯ ದಿನ ಕಳೆದುಹೋಗಿತ್ತು. “ಇರಲಿ ಬಿಡ್ರಿ ಅಣ್ಣಾರ” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ನಾನು ಸುಳ್ಳು ಹೇಳಿದೆನೆ? ಸಂತ ಥಾಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಎತ್ತಿದ್ದಾರೆ. ನೆರವೇರಿಸುವ ಮನಸ್ಸಿಟ್ಟುಕೊಂಡೇ ಮಾತು ಕೊಟ್ಟವನು ಸುಳ್ಳುಗಾರನಲ್ಲ. ಆದರೆ ಮಾಡಬಹುದಾಗಿದ್ದೂ ಮಾಡದೆ ಬಿಟ್ಟರೆ ಅವನು ವಿಶ್ವಾಸದ್ರೋಹಿ. ಪರಿಸ್ಥಿತಿಯೇ ಬದಲಾಗಿದ್ದರೆ ಅವನಿಗೆ ಕ್ಷಮೆಯುಂಟು ಎಂಬುದು ಅವರ ವಿಚಾರದ ಸಾರ. ನನ್ನ ವಿಷಯದಲ್ಲಿ ಯಾವ ಪರಿಸ್ಥಿತಿಯೂ ಬದಲಾಗಿರಲಿಲ್ಲ. ಪೆನ್ನು ಕಿಸೆಯಲ್ಲೇ ಇತ್ತು. ಕೊಡಬೇಕಾದದ್ದು ಕೈಯಲ್ಲೇ ಇರುವಾಗ ನೆರೆಯವನಿಗೆ ನಾಳೆ ಬಾ ಎನ್ನಬಾರದೆಂದು ಜ್ಞಾನೋಕ್ತಿಗಳ ಗ್ರಂಥ ಎಚ್ಚರಿಸುತ್ತದೆ. ಯೇಸುಸ್ವಾಮಿ ಹೇಳಿದ ಇಬ್ಬರು ಮಕ್ಕಳ ಸಾಮತಿಯಲ್ಲಿ ತೋಟಕ್ಕೆ ಹೋಗುತ್ತೇನೆಂದು ವಿನಯದಿಂದ ಹೇಳಿ ಹೋಗದೆ ಉಳಿದವನೂ ಬಹುಶಃ ಆ ಗಳಿಗೆಯಲ್ಲಿ ಹೋಗಬೇಕೆಂದೇ ಅಂದುಕೊಂಡಿದ್ದನು.

ಹಾಗಾದರೆ ರಾಜಕಾರಣಿಗಳನ್ನು ಕ್ಷಮಿಸಿಬಿಡೋಣವೇ? ನಾವೆಲ್ಲರೂ ಒಂದೇ ಎಂದು ಕೈತೊಳೆದುಕೊಳ್ಳೋಣವೇ? ಅಲ್ಲ. ನನ್ನ ಮರೆವಿನಿಂದ ಒಂದು ಮನೆಯ ಮಕ್ಕಳಿಗೆ ನಷ್ಟವಾಯಿತು. ಅಧಿಕಾರದಲ್ಲಿರುವವನ ಮರೆವಿನಿಂದ ಇಡೀ ತಾಲೂಕು ಖಾಲಿಯಾಗುತ್ತದೆ. ಶಕ್ತಿ ಹೆಚ್ಚಿದ್ದಲ್ಲಿ ಲೆಕ್ಕವೂ ಹೆಚ್ಚು. ಆದರೆ ಒಂದು ವಿಷಯ ನನಗೆ ಸ್ಪಷ್ಟವಾಗಿದೆ. ಸಂಸತ್ತು ಎಷ್ಟು ಒಳ್ಳೆಯ ಕಾಯಿದೆ ಮಾಡಿದರೂ ಅದರ ಕೊನೆಯ ಮೆಟ್ಟಿಲಲ್ಲಿ ಒಬ್ಬ ಸಾಮಾನ್ಯ ಮನುಷ್ಯನ ಸಹಿ ಕಾದಿರುತ್ತದೆ. ಮನೆಯ ಯಜಮಾನನದು, ಗುತ್ತಿಗೆದಾರನದು, ಪಂಚಾಯಿತಿಯವನದು. ಅಲ್ಲಿಯೂ ‘ನಾಳೆ ಬಾ’ ಎಂದಾದರೆ ಎಲ್ಲ ಸುಧಾರಣೆಯೂ ಕಾಗದವೇ. ಸಿಟ್ಟಿನಿಂದ ಒಂದು ಅಪಾಯವಿದೆ: ನಮ್ಮ ಪಾಲಿನ ಕೆಲಸವನ್ನು ಮಾಡಿಬಿಟ್ಟೆವೆಂಬ ಭ್ರಮೆಯನ್ನು ಅದು ಹುಟ್ಟಿಸುತ್ತದೆ.

‘ಎಲ್ಲರೂ ಕಳ್ಳರು’ ಎಂಬ ಮಾತಿನಲ್ಲೂ ಅದೇ ಅಪಾಯ. ಯಾರನ್ನೂ ನಂಬದವನು ಯಾರಿಂದಲೂ ಲೆಕ್ಕ ಕೇಳುವುದಿಲ್ಲ. ಚುನಾವಣೆಯ ಹಿಂದಿನ ರಾತ್ರಿ ಕೈಗೆ ಬಂದ ನೋಟನ್ನು ಪಡೆದುಕೊಂಡು, ಸಿಕ್ಕಷ್ಟೇ ಲಾಭ ಎನ್ನುತ್ತಾನೆ. ಅಲ್ಲಿಗೆ ಭರವಸೆಯ ಲೆಕ್ಕ ಚುಕ್ತಾ ಆದಂತೆಯೇ.

ನಮ್ಮ ಜಿಲ್ಲೆಯಲ್ಲೇ ಬೇರೆ ತರಹದ ಒಂದು ಉದಾಹರಣೆ ಇದೆ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಮೊದಲ ಮೆಟ್ಟಿಲುಗಳಲ್ಲಿ ಅದೂ ಒಂದಾಯಿತು. ಪತ್ತು ಎಂದರೆ ನಂಬಿಕೆ. ಆದರೆ ಅದು ಬರೀ ಬಾಯಿಮಾತಿನ ನಂಬಿಕೆಯಲ್ಲ. ಪುಸ್ತಕದಲ್ಲಿ ಬರೆದ, ಎಲ್ಲರ ಮುಂದೆ ಓದಿ ಹೇಳಬೇಕಾದ ನಂಬಿಕೆ. ಮಾತಿಗೆ ಲೆಕ್ಕದ ಪುಸ್ತಕ ಸೇರಿದಾಗ ಭರವಸೆ ಉಳಿಯುತ್ತದೆ ಎಂಬುದನ್ನು ಆ ಹಳ್ಳಿಯವರು ಬಲ್ಲವರಾಗಿದ್ದರು. ನಾವೂ ಮತ ಕೇಳಲು ಬಂದವರ ಮಾತನ್ನು ದಿನಾಂಕ ಸಹಿತ ಬರೆದಿಟ್ಟು, ವರ್ಷಕ್ಕೊಮ್ಮೆ ಅವರ ಮುಂದೆಯೇ ಓದಿದರೆ ಏನು ತಪ್ಪು? ಗುಳೆ ಹೋಗುವವರ ಹೆಸರು ಪಂಚಾಯಿತಿಯಲ್ಲಿ ಬರೆದಿದೆಯೇ, ಕೂಲಿ ಎಷ್ಟು ದಿನಕ್ಕೆ ಬಂತು, ಹಿಂದೆ ಉಳಿದ ಮಕ್ಕಳ ಊಟ, ವಸತಿ ಯಾರ ಹೊಣೆ? ಈ ಮೂರು ಪ್ರಶ್ನೆ ಸಾಕು.

ಜಗದ್ಗುರು ಹನ್ನೆರಡನೇ ಪಿಯುಸ್‌ರವರು 1952ರಲ್ಲಿ, ಈಜಿಪ್ಟಿಗೆ ಓಡಿಹೋದ ಪವಿತ್ರ ಕುಟುಂಬವೇ ಎಲ್ಲ ವಲಸಿಗ ಕುಟುಂಬಗಳ ಮಾದರಿ ಎಂದು ಬೋಧಿಸಿದರು. 2023ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೋಗುವ ಸ್ವಾತಂತ್ರ್ಯದಂತೆ ಊರಲ್ಲೇ ಉಳಿಯುವ ಸ್ವಾತಂತ್ರ್ಯವೂ ಮನುಷ್ಯನಿಗೆ ಇರಬೇಕೆಂದರು. ನಮ್ಮ ಗುಳೆಯವರಿಗೆ ಮೊದಲನೆಯದು ಇದೆ, ಎರಡನೆಯದು ಇಲ್ಲ. ಸುಧಾರಣೆ ಎಂಬುದಕ್ಕೆ ನಿಜವಾದ ಅರ್ಥ ಬರುವುದು ಆ ಎರಡನೆಯದು ಸಿಕ್ಕಾಗ.

ಅದು ಬೇಗ ಆದೀತೆಂದು ನಾನು ಹೇಳಲಾರೆ. ಹೇಳಿದರೆ ಇನ್ನೊಂದು ಪೊಳ್ಳು ಭರವಸೆ ಕೊಟ್ಟಂತಾದೀತು. ಆದರೆ ಇಂದು ರಾತ್ರಿ ಜಪಸರ ಮುಗಿದ ಮೇಲೆ ಮನೆಯವರೆಲ್ಲ ಕುಳಿತು ಒಂದು ಮಾತು ಕೇಳಿಕೊಳ್ಳಬಹುದು. ನಮ್ಮ ಮನೆಯ ಗೋಡೆ ಕಟ್ಟಿದವರಿಗೆ, ಪಾತ್ರೆ ತೊಳೆಯುವವರಿಗೆ, ಹೊಲದಲ್ಲಿ ದುಡಿದವರಿಗೆ ನಾವು ಯಾವ ಮಾತನ್ನು ‘ನಾಳೆ’ ಎಂದು ಮುಂದೂಡಿದ್ದೇವೆ? ಯಾರ ಹಾಳೆ ನಮ್ಮ ಮೇಜಿನ ಮೇಲೆ ಬಿದ್ದಿದೆ? ಅದನ್ನು ಹುಡುಕಿ ತೆಗೆಯೋಣ. ಗೋವಾದ ರೈಲು ಹೊರಡುವ ಮೊದಲು ಸಹಿ ಹಾಕೋಣ.