ಗೃಹಯಂತ್ರವೂ ಗೃಹಸ್ಥನ ಸ್ವಾತಂತ್ರ್ಯವೂ

ಎಲ್ಲವನ್ನೂ ತನ್ನ ಕೈಯಿಂದಲೇ ಮಾಡಿಕೊಳ್ಳುವುದು ಸ್ವಾತಂತ್ರ್ಯವೋ, ಬಲ್ಲವರು ಅಣಿಗೊಳಿಸಿದುದನ್ನು ವಿವೇಕದಿಂದ ಸ್ವೀಕರಿಸುವುದೂ ಸ್ವಾತಂತ್ರ್ಯವೇ ಆಗಬಹುದೋ ಎಂಬ ಪ್ರಶ್ನೆಯು ಹಳೆಯದು. ಈಗ ಅದು ಮನೆಯ ದೀಪದ ಗುಂಡಿಯವರೆಗೂ ಬಂದು ನಿಂತಿದೆ.

ದೀಪ, ಫ್ಯಾನು, ನೀರೆತ್ತುವ ಪಂಪು ಮೊದಲಾದುವನ್ನು ಕಾಲಕ್ಕೆ ಸರಿಯಾಗಿ ನಡೆಯಿಸುವ ಹೋಂ ಅಸಿಸ್ಟೆಂಟ್ ಎಂಬ ತಂತ್ರಾಂಶವು 2013ರಲ್ಲಿ ಹುಟ್ಟಿತು. ಅದು ದೂರದ ಕಂಪೆನಿಯ ಯಂತ್ರದಲ್ಲಿರದೆ ಮನೆಯ ಸರ್ವರಿನಲ್ಲಿಯೇ ನೆಲಸುವುದರಿಂದ, ಮನೆಯವರು ಯಾವಾಗ ಎದ್ದರು, ಯಾವಾಗ ಮಲಗಿದರು ಎಂಬ ಗುಟ್ಟು ಮನೆಯೊಳಗೇ ಉಳಿಯಬಲ್ಲುದು.

ಇದನ್ನು ಸ್ಥಾಪಿಸಲು ಮೊದಲು ನಾಲ್ಕು ಮಾರ್ಗಗಳಿದ್ದುವು. ಕೋರ್, ಸೂಪರ್‌ವೈಸ್ಡ್ ಎಂಬೆರಡನ್ನು ಕೈಬಿಡುವುದಾಗಿ ನಿರ್ಮಾಪಕರು 2025ರ ಮೇ ತಿಂಗಳಲ್ಲಿ ಸಾರಿದರು. ಉಳಿದ ಎರಡರಲ್ಲಿ ಮೊದಲನೆಯದು, ರಾಸ್ಪ್‌ಬೆರಿ ಪೈಯಂತಹ ಒಂದು ಕಿರುಯಂತ್ರವನ್ನು ಪೂರ್ತಿಯಾಗಿ ಈ ತಂತ್ರಾಂಶದ ಸ್ವಂತ ಆಪರೇಟಿಂಗ್ ಸಿಸ್ಟಮಿಗೆ ಒಪ್ಪಿಸುವುದು. ನವೀಕರಣವೂ ಉಪತಂತ್ರಾಂಶಗಳ ಜೋಡಣೆಯೂ ಒಂದೇ ತೆರೆಯಿಂದ ಸಾಧ್ಯ. ಎರಡನೆಯದು ಡಾಕರ್ ಕಂಟೈನರಿನ ಮಾರ್ಗ. ಇದರಲ್ಲಿ ಸರ್ವರು ಬೇರೆ ಕಾರ್ಯಗಳಿಗೂ ಒದಗುವುದು. ಆದರೆ ನವೀಕರಣದ ಹೊಣೆಯೂ ಉಪತಂತ್ರಾಂಶಗಳನ್ನು ಪ್ರತ್ಯೇಕವಾಗಿ ನಡೆಯಿಸುವ ಹೊಣೆಯೂ ಯಜಮಾನನದೇ.

ಇಲ್ಲಿ ಪೂರ್ವಪಕ್ಷವು ಹೀಗೆ ಹೇಳುತ್ತದೆ: ತಿಳಿದವನಿಗೆ ಮೊದಲನೆಯ ಮಾರ್ಗವು ಪಾರತಂತ್ರ್ಯವಲ್ಲವೆ? ಒಳಗನ್ನು ಅರಿತವನೇ ನಿಜವಾದ ಒಡೆಯನಲ್ಲವೆ? ಮಾತು ಸರಿ, ಆದರೆ ಅಪೂರ್ಣ. ಮನೆಯಲ್ಲಿ ಯಜಮಾನನೊಬ್ಬನೇ ವಾಸಿಸುವುದಿಲ್ಲ. ಆತನು ಪರವೂರಿಗೆ ಹೋದ ರಾತ್ರಿ ಸರ್ವರು ನಿಂತಿತೆನ್ನೋಣ. ವೃದ್ಧೆಯಾದ ತಾಯಿ ನಡುಮನೆಯ ಕತ್ತಲಲ್ಲಿ ತಡಕಾಡುತ್ತಾಳೆ. ಹೆಂಡತಿಗಾಗಲಿ ಮಕ್ಕಳಿಗಾಗಲಿ ಆತನು ಬರೆದಿಟ್ಟ ಆಜ್ಞೆಗಳ ಅರ್ಥ ತಿಳಿಯದು. ಒಬ್ಬನ ಸ್ವಾತಂತ್ರ್ಯವೇ ಆಗ ಉಳಿದವರಿಗೆಲ್ಲ ಪರಾಧೀನತೆಯಾಗಿ ಪರಿಣಮಿಸಿತು.

ಆದುದರಿಂದ ಅಧಿಕಾರಭೇದವನ್ನು ನೋಡಿಯೇ ಮಾರ್ಗವನ್ನು ನಿಶ್ಚಯಿಸತಕ್ಕದ್ದು. ಅಧಿಕಾರವೆಂದರೆ ಬಲ್ಲೆನೆಂಬ ಅಭಿಮಾನವಲ್ಲ. ತಾನಿಲ್ಲದಾಗಲೂ ಮನೆ ನಡೆಯುವಂತೆ ಏರ್ಪಡಿಸುವ ಯೋಗ್ಯತೆ. ಕಂಟೈನರನ್ನು ಸಾಕುವ ಬಿಡುವೂ, ಅದನ್ನು ಮತ್ತೊಬ್ಬರಿಗೆ ಕಲಿಸುವ ತಾಳ್ಮೆಯೂ ಉಳ್ಳವನು ಆ ಮಾರ್ಗವನ್ನು ಹಿಡಿಯಲಿ. ಅವೆರಡೂ ಇಲ್ಲದವನು, ಎಷ್ಟೇ ಪಂಡಿತನಾಗಿದ್ದರೂ, ಮೊದಲನೆಯದನ್ನು ಆರಿಸಿದರೆ ಹೀನಾಯವೇನೂ ಇಲ್ಲ.

ಯಾವ ಮಾರ್ಗವಾದರೂ ಸರಿ, ಮೂರು ನಿಯಮಗಳು ತಪ್ಪಬಾರದು: ಗೋಡೆಯ ಗುಂಡಿಯು ಯಂತ್ರದ ಹಂಗಿಲ್ಲದೆ ಕೆಲಸಮಾಡಬೇಕು; ಬ್ಯಾಕಪ್ಪಿನ ಪ್ರತಿಯೊಂದು ಸರ್ವರಿನ ಹೊರಗಿರಬೇಕು; ಸರ್ವರನ್ನು ಮತ್ತೆ ಎಬ್ಬಿಸುವ ಕ್ರಮವನ್ನು ಮನೆಯವರ ಮಾತಿನಲ್ಲಿ ಒಂದು ಹಾಳೆಯ ಮೇಲೆ ಬರೆದಿಡಬೇಕು. ತಾಯಿಯ ಕೈಗೆ ದೀಪದ ಗುಂಡಿ ಎಟುಕಿದರೆ ಸಾಕು. ಗೃಹಸ್ಥನ ಆಯ್ಕೆ ಸಾಧುವಾದುದೆಂದೇ ತಿಳಿಯಬೇಕು.