ಮುಂದೆ ನಡೆಯುವವರ ಮಾತಿನ ತೂಕ

(ಶ್ರೀವ್ಯಾಸರಾಜರ ಆರಾಧನೆಯ ನಿಮಿತ್ತ ಮರಳಿಯಲ್ಲಿ ಮಾಡಿದ ಪ್ರವಚನದ ಸಾರ)



ಶ್ರೀಹರಿವಾಯುಗುರುಗಳ ಅನುಗ್ರಹದಿಂದ ಮತ್ತೊಂದು ಫಾಲ್ಗುಣ ಬಹುಳ ಚತುರ್ಥಿ ಸಮೀಪಿಸಿದೆ. 1539ರಲ್ಲಿ ಇದೇ ತಿಥಿಯಂದು ಶ್ರೀವ್ಯಾಸರಾಜರು ಹರಿಪದವನ್ನು ಸೇರಿದರು. ಮರಳಿಯ ಸುತ್ತಿನ ನಮ್ಮ ಮನೆತನಗಳಿಗೆ ಆನೆಗೊಂದಿ ದೂರದ ಕ್ಷೇತ್ರವಲ್ಲ. ದೋಣಿಯಲ್ಲಿ ಹೊಳೆ ದಾಟಿ ನಡುಗಡ್ಡೆಯ ಮೇಲೆ ಕಾಲಿಟ್ಟರೆ, ಶ್ರೀಪದ್ಮನಾಭತೀರ್ಥರು ಮೊದಲ್ಗೊಂಡು ಒಂಬತ್ತು ಮಂದಿ ಯತಿವರೇಣ್ಯರ ಸನ್ನಿಧಾನ. ಅಲ್ಲಿ ತಲೆಬಾಗದೆ ಬೆಳೆದ ಮಕ್ಕಳು ಈ ಸೀಮೆಯಲ್ಲಿ ವಿರಳ.

ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವಗಳನ್ನು ರಚಿಸಿದ ಆ ಮಹಾನುಭಾವರ ಪಾಂಡಿತ್ಯವನ್ನು ವಿದ್ವಾಂಸರು ವಿವರಿಸಲಿ. ಇಂದು ನಾನು ಹೇಳಬೇಕೆಂದಿರುವುದು ಚಿಕ್ಕ ವಿಷಯ. ನಾಲ್ಕು ಜನರ ಮುಂದೆ ನಡೆಯುವ ಹೊಣೆ ನಮ್ಮಲ್ಲಿ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತದೆ. ಮನೆಯ ಯಜಮಾನನಿಗೆ ಬರುತ್ತದೆ, ಮಕ್ಕಳಿಗೆ ಪಾಠ ಹೇಳುವವನಿಗೆ ಬರುತ್ತದೆ, ಉತ್ಸವದ ಉಸ್ತುವಾರಿ ಹೊತ್ತವನಿಗೆ ಬರುತ್ತದೆ, ಸೊಸೆಗೆ ಮಡಿ ಅಡಿಗೆ ಕಲಿಸುವ ಅತ್ತೆಗೂ ಬರುತ್ತದೆ. ಆಗ ನಾವು ಹೇಗಿರಬೇಕು?

ಮೊದಲು ಶ್ರೀವ್ಯಾಸರಾಜರ ಪೂರ್ವವಯಸ್ಸನ್ನು ನೆನೆಯೋಣ. ಸೋಮನಾಥಕವಿಯ ವ್ಯಾಸಯೋಗಿಚರಿತದಿಂದಲೂ ಸಂಪ್ರದಾಯದಿಂದಲೂ ತಿಳಿದುಬರುವಂತೆ, ಗುರುಗಳಾದ ಶ್ರೀಬ್ರಹ್ಮಣ್ಯತೀರ್ಥರು ಹರಿಪದವನ್ನೈದಿದಾಗ ಇವರಿನ್ನೂ ತರುಣರು. ಪೀಠ ತಾನಾಗಿಯೇ ಒದಗಿತ್ತು. ಸುತ್ತಲೂ ನಮಸ್ಕರಿಸುವ ಶಿಷ್ಯರಿದ್ದರು. ಹೀಗಿದ್ದೂ ಅವರು ಕಂಚಿಗೆ ಹೋಗಿ ಶಾಸ್ತ್ರಾಭ್ಯಾಸ ಮಾಡಿದರು. ಅನಂತರ ಮುಳಬಾಗಿಲಿಗೆ ಬಂದು ಶ್ರೀಪಾದರಾಜರ ಸನ್ನಿಧಿಯಲ್ಲಿ ವಿದ್ಯಾರ್ಥಿಯಾಗಿ ಕುಳಿತರು. ಒಂದು ಸಂಸ್ಥಾನದ ಅಧಿಪತಿ ಮತ್ತೊಬ್ಬ ಗುರುಗಳ ಎದುರು ಓಲೆಗರಿ ಹಿಡಿದು, ತಿಳಿಯದ್ದನ್ನು ತಿಳಿಯದೆಂದು ಕೇಳುವುದು ಸಾಮಾನ್ಯವೇ? ನಮ್ಮಲ್ಲಿ ಒಂದು ಸಮಿತಿಗೆ ಅಧ್ಯಕ್ಷರಾದೊಡನೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿಬಿಡುತ್ತೇವೆ. ಕೇಳಿದರೆ ಗೌರವ ಕುಂದೀತೆಂಬ ಭಯ!

ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ಎರಡಾಗಿ ವಿಭಾಗಿಸಿದರು. ಸ್ವತಂತ್ರನು ಶ್ರೀಹರಿಯೊಬ್ಬನೇ. ನಡೆಸುವವನೂ ಅಸ್ವತಂತ್ರ, ನಡೆಯುವವನೂ ಅಸ್ವತಂತ್ರ. ಇದನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಆದರೆ ಊಟದ ಪಂಕ್ತಿಯಲ್ಲಿ ಉಪ್ಪು ಬಡಿಸಲು ಮರೆತ ಹುಡುಗನ ಮೇಲೆ ಕೂಗುವಾಗ ಅದು ನೆನಪಿಗೆ ಬರುವುದಿಲ್ಲ. ತಾರತಮ್ಯವನ್ನೂ ಹೀಗೆಯೇ ತಪ್ಪಾಗಿ ಬಳಸುತ್ತೇವೆ. ಮೇಲಿರುವವರನ್ನು ನೆನೆದು ತಲೆಬಾಗುವುದಕ್ಕಾಗಿ ಅದನ್ನು ಉಪದೇಶಿಸಿದರೇ ಹೊರತು ಕೆಳಗಿರುವವರನ್ನು ಎಣಿಸುವುದಕ್ಕಾಗಿ ಅಲ್ಲ. ಈ ಭಾಗದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ನಾಲೆಯ ನೀರು ಕುಡಿದ ಭತ್ತದ ಗದ್ದೆಗಳು ನಿಮ್ಮವು. ಮೇಲಿನ ಗದ್ದೆಯವನು ನೀರನ್ನು ತನಗೇ ಕಟ್ಟಿಕೊಂಡರೆ ಕೊನೆಯ ಭಾಗದ ರೈತನ ಪಾಡು ಏನೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಕನಕದಾಸರ ಐತಿಹ್ಯಕ್ಕೆ ಬರುತ್ತೇನೆ. ಬಾಳೆಹಣ್ಣಿನ ಕಥೆ ನಿಮಗೆಲ್ಲ ಬಾಯಿಪಾಠ. ಅದರಲ್ಲಿ ಒಂದನ್ನು ಮಾತ್ರ ಗಮನಿಸಿರಿ: ಕನಕರನ್ನು ಕಂಡು ಕರುಬುತ್ತಿದ್ದ ಶಿಷ್ಯರನ್ನು ಶ್ರೀವ್ಯಾಸರಾಜರು ಗದರಿಸಲಿಲ್ಲ; ಅವರೇ ಕಣ್ಣಾರೆ ಕಾಣುವಂತೆ ಒಂದು ಸಂದರ್ಭವನ್ನು ಕಲ್ಪಿಸಿದರು.

ನಾನು ಹೇಳಬೇಕೆಂದಿರುವುದು ಕೋಣನ ಕಥೆ. ಕನಕರು ಮಂತ್ರೋಪದೇಶ ಬೇಡಿ ಬಂದರು. ಗುರುಗಳು ಆ ಹೊತ್ತಿಗೆ ಹಗುರವಾಗಿ, ನಿನಗೆಂಥ ಮಂತ್ರ, ಕೋಣ ಎಂದು ಜಪಿಸು ಎಂದುಬಿಟ್ಟರಂತೆ. ಬೇರೆ ಯಾರಾದರೂ ನೊಂದು ಹಿಂದಿರುಗುತ್ತಿದ್ದರು. ಕನಕರು ಅದನ್ನೇ ಗುರೂಪದೇಶವೆಂದು ಶ್ರದ್ಧೆಯಿಂದ ಜಪಿಸಿದರು. ಯಮಧರ್ಮನ ಕೋಣವೇ ಎದುರಿಗೆ ಬಂದು ನಿಂತು, ಏನು ಅಪ್ಪಣೆ ಎಂದಿತು. ಕನಕರು ಅದನ್ನು ಗುರುಗಳ ಬಳಿಗೆ ಕರೆತಂದರು. ಆಗ ವ್ಯಾಸಸಮುದ್ರವೆಂಬ ಕೆರೆಯ ಕೆಲಸ ನಡೆದಿತ್ತು. ಯಾರಿಂದಲೂ ಕದಲಿಸಲಾಗದ ಒಂದು ಬಂಡೆ ಅಡ್ಡವಾಗಿತ್ತು. ಕೋಣವು ಆ ಬಂಡೆಯನ್ನು ಸರಿಸಿತು.

ಈ ಕಥೆಯಿಂದ ಸಾಮಾನ್ಯವಾಗಿ ಶಿಷ್ಯನ ಶ್ರದ್ಧೆಯ ಮಹಿಮೆಯನ್ನು ಹೇಳುತ್ತಾರೆ. ಅದು ಸರಿಯೇ. ಆದರೆ ಗುರುವಿನ ಕಡೆಯಿಂದಲೂ ಇದನ್ನು ನೋಡಬೇಕೆಂದು ನನಗೆ ತೋರುತ್ತದೆ. ಮೇಲೆ ಕುಳಿತವರು ಹಗುರವಾಗಿ ಆಡಿದ ಮಾತು ಕೆಳಗೆ ಕುಳಿತವನಿಗೆ ಹಗುರವಾಗಿರಲಿಲ್ಲ. ಅವನು ಅದರ ಮೇಲೆ ತನ್ನ ತಪಸ್ಸನ್ನೇ ಇಟ್ಟ. ಮಾತು ಜೀವ ತಳೆದು ಬಾಗಿಲಿಗೆ ಬಂದು ನಿಂತಾಗ ಶ್ರೀವ್ಯಾಸರಾಜರು ನಕ್ಕು ತೇಲಿಸಲಿಲ್ಲ, ನಾನು ಹಾಗೆ ಹೇಳಿಯೇ ಇಲ್ಲವೆನ್ನಲಿಲ್ಲ. ಆ ಕೋಣಕ್ಕೆ ಊರಿಗೆ ಉಪಕಾರವಾಗುವ ಕೆಲಸವನ್ನು ಕೊಟ್ಟರು. ಕನಕರ ಯೋಗ್ಯತೆಯನ್ನು ಎಲ್ಲರೆದುರು ಎತ್ತಿ ತೋರಿಸಿದರು.

ಇದನ್ನು ನಾನು ಗ್ರಂಥ ಓದಿ ತಿಳಿದುಕೊಂಡಿದ್ದರೆ ಚೆನ್ನಾಗಿತ್ತು. ಹಾಗಾಗಲಿಲ್ಲ.

ಹಲವು ವರ್ಷಗಳ ಹಿಂದೆ ಒಂದು ಊರಿನ ಆರಾಧನೆಯಲ್ಲಿ ಸುಮಧ್ವವಿಜಯದ ಪಾರಾಯಣಕ್ಕೆ ಹುಡುಗರನ್ನು ಕೂಡಿಸಿದ್ದೆ. ಆಗತಾನೇ ಉಪನಯನವಾಗಿದ್ದ ಒಬ್ಬ ವಟು ಒಂದೇ ಶ್ಲೋಕದಲ್ಲಿ ಮೂರು ಸಲ ಎಡವಿದ. ಹಿರಿಯ ವಿದ್ವಾಂಸರು ಕುಳಿತಿದ್ದರು. ನನ್ನ ಪಾಠಕ್ಕೆ ಕುಂದು ಬಂತೆಂದು ನನಗೆ ಸಿಟ್ಟು. "ನಿನಗೆ ಇದು ಆಗದಪ್ಪ, ಎದ್ದು ಹೋಗಿ ಎಲೆ ಎತ್ತು" ಎಂದೆ. ಕುಳಿತವರು ನಕ್ಕರು. ಹುಡುಗ ಎದ್ದು ಹೋದ. ಊಟವಾಗುವಷ್ಟರಲ್ಲಿ ನಾನು ಅದನ್ನು ಮರೆತೂಬಿಟ್ಟೆ.

2019ರ ಜುಲೈಯಲ್ಲಿ ನಿಧಿಯ ದುರಾಶೆಯವರು ರಾತ್ರೋರಾತ್ರಿ ಶ್ರೀವ್ಯಾಸರಾಜರ ವೃಂದಾವನವನ್ನು ಕೆಡವಿದ ಸುದ್ದಿ ನಮ್ಮೆಲ್ಲರ ಎದೆಯನ್ನು ಒಡೆದದ್ದು ನಿಮಗೆ ನೆನಪಿದೆ. ಹಲವು ಮಠಗಳ ಯತಿಗಳು ಧಾವಿಸಿದರು, ಭಕ್ತರು ನೆರೆದರು; ಎರಡು ದಿನ ತುಂಬುವುದರೊಳಗೆ ವೃಂದಾವನ ಮತ್ತೆ ಎದ್ದು ನಿಂತಿತು. ಅದಾದ ಮೇಲಿನ ಒಂದು ಆರಾಧನೆಯಲ್ಲಿ, ಪಂಕ್ತಿ ಮುಗಿದಾಗ, ಒಬ್ಬ ತರುಣ ಸೊಂಟಕ್ಕೆ ವಸ್ತ್ರ ಬಿಗಿದು ಒಬ್ಬನೇ ಎಲೆ ಎತ್ತುತ್ತಿದ್ದ. ಗುರುತು ಹತ್ತಲಿಲ್ಲ. ಯಾರಪ್ಪಾ ನೀನು ಎಂದು ಕೇಳಿದೆ. ನಮಸ್ಕಾರ ಮಾಡಿ, "ಆಚಾರ್ಯರೇ, ನೀವೇ ಅಪ್ಪಣೆ ಕೊಡಿಸಿದ್ದಿರಿ. ಅಂದಿನಿಂದ ಒಂದು ಆರಾಧನೆಯನ್ನೂ ತಪ್ಪಿಸಿಲ್ಲ" ಎಂದ. ಮಾತಿನಲ್ಲಿ ಕೊಂಕು ಇರಲಿಲ್ಲ. ಪಾಠಕ್ಕೆ ಎಲ್ಲಿ ಹೋಗುತ್ತೀ ಎಂದರೆ, "ನನಗೆ ಅದು ಆಗುವುದಿಲ್ಲವಲ್ಲ" ಎಂದ.

ಕಲ್ಲಿನ ವೃಂದಾವನವನ್ನು ಎರಡು ದಿನದಲ್ಲಿ ನಿಲ್ಲಿಸಿದರು. ನಾನು ಒಂದು ಮಾತಿನಲ್ಲಿ ಕೆಡವಿದ್ದು ಅಷ್ಟು ವರ್ಷ ಹಾಗೆಯೇ ಬಿದ್ದಿತ್ತು. ಅದು ಬಿದ್ದಿದೆಯೆಂಬುದೂ ನನಗೆ ತಿಳಿದಿರಲಿಲ್ಲ.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವನನ್ನು ನನ್ನ ಮನೆಗೆ ಕರೆಸಬಹುದಾಗಿತ್ತು. ಮುಳಬಾಗಿಲಿನ ಪ್ರಸಂಗ ಮನಸ್ಸಿಗೆ ಬಂದು, ನಾನೇ ಅವನ ಮನೆಗೆ ಹೋದೆ. ಅಂದು ಆಡಿದ್ದು ನನ್ನ ಅಹಂಕಾರದ ಮಾತು, ಅಪ್ಪಣೆಯಲ್ಲ ಎಂದು ಅವನ ತಾಯಿತಂದೆಗಳ ಎದುರಿನಲ್ಲಿಯೇ ಹೇಳಿದೆ. ಆ ತಾಯಿ ಕಣ್ಣೊರೆಸಿಕೊಂಡು ಒಳಗೆ ಹೋದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಪಾಠಕ್ಕೆ ಬರುತ್ತೇನೆ. ಎಲೆ ಎತ್ತುವುದನ್ನು ಮಾತ್ರ ಬಿಡಿಸಬೇಡಿರಿ" ಎಂದ.

ಈಗ ಬರುತ್ತಿದ್ದಾನೆ. ಮೊದಲನೆಯ ಸರ್ಗ ಮುಗಿದಿದೆ. ಅದೇ ಶ್ಲೋಕದಲ್ಲಿ ಇನ್ನೂ ಒಮ್ಮೊಮ್ಮೆ ಎಡವುತ್ತಾನೆ. ಆಗ ನಾನೂ ಅವನೊಡನೆ ಮತ್ತೆ ಮೊದಲಿನಿಂದ ಹೇಳುತ್ತೇನೆ.

॥ ಶ್ರೀಕೃಷ್ಣಾರ್ಪಣಮಸ್ತು ॥