ಕುರ್ಚಿ ಬಿಟ್ಟು ಕೂತ ಮೇಲೆ

ನಮ್ಮ ಬಾಗೂರಿನಲ್ಲಿ ಯಾರ ಮನೆಗೆ ಹೋದರೂ ಟೀಚರಮ್ಮನಿಗೆ ಮೊದಲು ಕುರ್ಚಿ ಹಾಕುತ್ತಾರೆ. ಎಷ್ಟೋ ವರ್ಷ ಹೀಗೆ ಕೂತವಳಿಗೆ ನೆಲದ ಮೇಲೆ ಕೂರುವುದು ಸುಲಭವಲ್ಲ. ಮಂಡಿನೋವಿನ ಮಾತಲ್ಲ ನಾನು ಹೇಳುತ್ತಿರುವುದು.

ಎಂಟು, ಒಂಬತ್ತನೇ ತರಗತಿಯ ಹೆಣ್ಣುಮಕ್ಕಳಿಗೆ ವಾರಕ್ಕೊಂದು ಗಂಟೆ ಜೀವನ ಕೌಶಲ ಹೇಳಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮುಟ್ಟು, ಕೋಪ, ಭಯ ಎಲ್ಲದರ ಬಗ್ಗೆ ತಿಳಿಸಬೇಕು, ಅವರನ್ನೂ ಮಾತಾಡಿಸಬೇಕು. ಮೊದಲು ನಾನೇ ಮಾತಾಡಿದೆ, ಅವರು ಬರೆದುಕೊಂಡರು. “ಅರ್ಥವಾಯಿತೇ?” ಎಂದರೆ “ಆಯ್ತು ಮಿಸ್” ಎಂದು ಒಂದೇ ರಾಗ. ಬೇಸತ್ತು ಕುರ್ಚಿ ಸರಿಸಿ, ಎಲ್ಲರನ್ನೂ ದುಂಡಗೆ ಕೂರಿಸಿ, “ಇನ್ನು ನೀವೇ ಮಾತಾಡಿ” ಎಂದು ಸುಮ್ಮನಾದೆ. ನನ್ನ ದೊಡ್ಡತನಕ್ಕೆ ನಾನೇ ಮೆಚ್ಚಿಕೊಂಡೆ ಕೂಡ.

ಒಬ್ಬ ಹುಡುಗಿ, ಮುಟ್ಟಾದಾಗ ತನ್ನನ್ನು ಹೊರಗೆ ಮಲಗಿಸುತ್ತಾರೆ, ರಾತ್ರಿ ಹೆದರಿಕೆಯಾಗುತ್ತದೆ ಎಂದಳು. ಬಾಯಿ ಜೋರಿನ ಇಬ್ಬರು ಕಿಸಕ್ಕನೆ ನಕ್ಕರು. ಉಳಿದವರೂ ನಕ್ಕರು. ನಡುವೆ ಬಾಯಿ ಹಾಕಬಾರದೆಂದು ನಾನು ಸುಮ್ಮನಿದ್ದೆ. ಆ ವರ್ಷವೆಲ್ಲ ಅವಳು ಮತ್ತೆ ಬಾಯಿ ಬಿಡಲಿಲ್ಲ.

ನನ್ನ ಮೌನ ಮಕ್ಕಳಿಗೆ ಕೊಟ್ಟ ಗೌರವವೋ, ಜವಾಬ್ದಾರಿಯಿಂದ ಜಾರಿಕೊಂಡದ್ದೋ?

ಬಿ.ಎಡ್.ನಲ್ಲಿ ಓದಿದ್ದು ನೆನಪಾಯಿತು. ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಹುಡುಗರ ಗುಂಪುಗಳಿಗೆ ಮೂರು ಬಗೆಯ ಮುಖಂಡರನ್ನು ಕೊಟ್ಟು ನೋಡಿ, 1939ರಲ್ಲಿ ಅದನ್ನು ಪ್ರಕಟಿಸಿದರು. ಒಬ್ಬ ಅಪ್ಪಣೆ ಕೊಡುವವ, ಒಬ್ಬ ಕೂಡಿ ತೀರ್ಮಾನಿಸುವವ, ಇನ್ನೊಬ್ಬ ಅವರಷ್ಟಕ್ಕೆ ಬಿಟ್ಟು ಕೂರುವವ. ಅಪ್ಪಣೆಯವನು ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಕೂಡಿ ನಡೆಸಿದವನು ಇಲ್ಲದಾಗಲೂ ಅದು ಸಾಗಿತು. ನಾನು ಎರಡನೆಯವಳಾದೆ ಎಂದುಕೊಂಡು ಮೂರನೆಯವಳಾಗಿದ್ದೆ! ಟೀಚರ್ ಬಿಟ್ಟ ಕುರ್ಚಿ ಖಾಲಿ ಉಳಿಯುವುದಿಲ್ಲ. ಬಾಯಿ ಜೋರಿನವರು ಅದರಲ್ಲಿ ಕೂರುತ್ತಾರೆ.

ಇದಕ್ಕೆ ದಾರಿ ಸಿಕ್ಕಿದ್ದು ನಮ್ಮ ಬೀದಿಯಲ್ಲೇ. 2000-01ರಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಊರೂರಲ್ಲಿ ಹೆಂಗಸರ ಸಂಘಗಳಾದವಲ್ಲ, ಅಂಥ ಒಂದು ಸಂಘದ ಸಭೆಗೆ ಹೋಗಿದ್ದೆ. ಸಭೆ ನಡೆಸುತ್ತಿದ್ದ ಅಜ್ಜಿಗೆ ಬರೆಯಲು ಬಾರದು. ಹಿಂದೆ ಕೂತವಳನ್ನೇ ಅವರು ಮೊದಲು ಮಾತಾಡಿಸಿದರು. ಯಾರೋ ನಕ್ಕಾಗ, “ಸುಮ್ಕಿರ್ರೇ, ಅವಳು ಹೇಳಿ ಮುಗಿಸ್ಲಿ” ಎಂದರು. ಆಮೇಲೆ ತಾವು ಸುಮ್ಮನಾದರು. ಯಾವಾಗ ಮಾತಾಡಬೇಕು, ಯಾವಾಗ ಬಿಡಬೇಕು ಎಂಬುದು ಅವರಿಗೆ ಗೊತ್ತಿತ್ತು.

ಈಗ ಮಕ್ಕಳೇ ನಿಯಮ ಮಾಡಿಕೊಂಡಿದ್ದಾರೆ: ಒಬ್ಬರು ಹೇಳುವಾಗ ನಗಬಾರದು. ಅದನ್ನು ಕಾಯುವ ಕೆಲಸ ನನ್ನದು.

ಆ ಹುಡುಗಿಯನ್ನು ಕರೆದು, “ಅವತ್ತು ನಾನು ಸುಮ್ಮನಿದ್ದದ್ದು ತಪ್ಪು” ಎಂದೆ. “ಆಯ್ತು ಮಿಸ್” ಎಂದಳು, ಅದೇ ಹಳೆಯ ರಾಗದಲ್ಲಿ.